ಕಿವಿ ಕೇಳದ ಬೆಕ್ಕಿನ ಮರಿಯನ್ನು ಮನೆಗೆ ತರಬಹುದೇ? ಬೆಂಗಳೂರಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಈ ಪ್ರಶ್ನೆ ಹೆಚ್ಚಾಗಿ ವಾಟ್ಸಾಪ್‌ಗೆ ಬಂದ ಒಂದು ಫೋಟೊದಿಂದ ಶುರುವಾಗುತ್ತದೆ. ಹಾಲಿನಂಥ ಬಿಳಿ ಮರಿ, ನೀಲಿ ಕಣ್ಣು, ಕೆಳಗೆ ‘ಕಿವಿ ಕೇಳಿಸಲ್ಲ, ಯಾರಾದರೂ ಬೇಗ ಕರಕೊಂಡು ಹೋಗಿ’ ಎಂಬ ಸಾಲು. ನೋಡಿದ ಕೂಡಲೇ ಮನಸ್ಸು ಕರಗುತ್ತದೆ. ಆದರೆ ಹೂಂ ಅನ್ನುವ ಮುಂಚೆ ನೋಡಬೇಕಾದ್ದು ಮರಿಯ ಕಿವಿಗಿಂತ ಹೆಚ್ಚಾಗಿ ನಿಮ್ಮ ಮನೆಯ ಬಾಗಿಲು. ಹುಟ್ಟಿನಿಂದ ಕಿವಿ ಕೇಳದ ಬೆಕ್ಕಿಗೆ ನೋವಿಲ್ಲ, ಅದಕ್ಕೆಂದು ಔಷಧಿಯೂ ಬೇಕಿಲ್ಲ. ಮನೆಯೊಳಗೇ ಇದ್ದರೆ ಉಳಿದ ಬೆಕ್ಕುಗಳಷ್ಟೇ ವರ್ಷ ಬದುಕುತ್ತದೆ. ಅದೇ ಬೆಕ್ಕು ಬೀದಿಗೆ ಇಳಿದರೆ ಹಿಂದೆ ಬರುವ ಸ್ಕೂಟರ್ ಕೇಳಿಸುವುದಿಲ್ಲ, ಬೀದಿನಾಯಿಯ ಗುರುಗುಟ್ಟುವಿಕೆ ಕೇಳಿಸುವುದಿಲ್ಲ, ನೀವು ಕೂಗಿ ಕರೆದದ್ದೂ ಕೇಳಿಸುವುದಿಲ್ಲ. ಆದ್ದರಿಂದ ಇಲ್ಲಿರುವ ಹಂತಗಳಲ್ಲಿ ಅರ್ಧ ಮರಿಯನ್ನು ನೋಡುವುದಕ್ಕೆ, ಅರ್ಧ ಮನೆಯನ್ನು ನೋಡುವುದಕ್ಕೆ.

ಹಂತ 1: ನಿಜವಾಗಿಯೂ ಕಿವುಡೇ, ತಿಳಿದುಕೊಳ್ಳಿ

ಬೆಕ್ಕಿನ ಮರಿ ಹುಟ್ಟುವಾಗ ಕಿವಿಯ ನಾಳ ಮುಚ್ಚಿಕೊಂಡಿರುತ್ತದೆ. ಮೊದಲ ಎರಡು ವಾರದಲ್ಲಿ ಅದು ತೆರೆಯುತ್ತದೆ, ಸುಮಾರು ನಾಲ್ಕು ವಾರಕ್ಕೆ ಚೆನ್ನಾಗಿ ಕೇಳಿಸತೊಡಗುತ್ತದೆ. ಮೂರು ವಾರದ ಮರಿಯನ್ನು ‘ಕಿವುಡು’ ಅಂತ ಯಾರಾದರೂ ಹೇಳಿದರೆ ಆ ಮಾತಿಗೆ ಬೆಲೆ ಇಲ್ಲ. ನಂಬುವಂಥ ಪರೀಕ್ಷೆಗೆ ಆರು ವಾರವಾದರೂ ಆಗಿರಲಿ.

ಕಣ್ಣಿನ ಬಣ್ಣವೂ ಹಾಗೆಯೇ. ಎಲ್ಲ ಬೆಕ್ಕಿನ ಮರಿಗಳ ಕಣ್ಣೂ ಮೊದಲು ನೀಲಿಯೇ. ಆರೇಳು ವಾರದಿಂದ ಬಣ್ಣ ಬದಲಾಗುತ್ತಾ ಮೂರು ತಿಂಗಳ ಹೊತ್ತಿಗೆ ನೆಲೆ ನಿಲ್ಲುತ್ತದೆ. ಹಾಗಾಗಿ ಐದು ವಾರದ ಮರಿಯ ನೀಲಿ ಕಣ್ಣಿನಿಂದ ಏನನ್ನೂ ತೀರ್ಮಾನಿಸಬೇಡಿ.

ಬಿಳಿ ಬಣ್ಣಕ್ಕೂ ಕಿವುಡಿಗೂ ಇರುವ ನಂಟು ಮಾತ್ರ ನಿಜ. ಡಾರ್ವಿನ್ 1859ರಲ್ಲೇ ಇದನ್ನು ಬರೆದಿದ್ದ. ಮೈಯೆಲ್ಲ ಬಿಳಿ ಮಾಡುವ ವಂಶವಾಹಿ ಬಣ್ಣ ಕೊಡುವ ಜೀವಕೋಶಗಳನ್ನು ಬೆಳೆಯಗೊಡುವುದಿಲ್ಲ. ಅಂಥ ಜೀವಕೋಶಗಳು ಒಳಗಿವಿಯಲ್ಲೂ ಬೇಕು. ಅವಿಲ್ಲದಿದ್ದರೆ ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಒಳಗಿವಿಯ ಪದರ ಸೊರಗಿ, ಶಬ್ದವನ್ನು ಹಿಡಿಯುವ ಸೂಕ್ಷ್ಮ ಕೂದಲಿನ ಜೀವಕೋಶಗಳು ಸಾಯುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಅಂದಾಜು ಹೀಗಿದೆ: ಪೂರ್ತಿ ಬಿಳಿ ಬೆಕ್ಕಿಗೆ ಎರಡೂ ಕಣ್ಣು ನೀಲಿ ಇದ್ದರೆ 100ರಲ್ಲಿ 65ರಿಂದ 85ಕ್ಕೆ ಕಿವುಡು. ಒಂದು ಕಣ್ಣು ಮಾತ್ರ ನೀಲಿ ಇದ್ದರೆ ಸುಮಾರು 40. ಎರಡೂ ಹಳದಿ ಅಥವಾ ಹಸಿರಾಗಿದ್ದರೆ 17ರಿಂದ 22. ಅಂದರೆ ಹಳದಿ ಕಣ್ಣಿನ ಬಿಳಿ ಬೆಕ್ಕೂ ಕಿವುಡಿರಬಹುದು, ನೀಲಿ ಕಣ್ಣಿನದಕ್ಕೂ ಚೆನ್ನಾಗಿ ಕೇಳಿಸಬಹುದು. ಸಯಾಮಿ ಬೆಕ್ಕಿನ ನೀಲಿ ಕಣ್ಣು ಬೇರೆ ವಂಶವಾಹಿಯದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇನ್ನು ಮನೆಯಲ್ಲೇ ಮಾಡುವ ಪರೀಕ್ಷೆ. ಇದನ್ನು ಮರಿ ಈಗಿರುವ ಜಾಗದಲ್ಲೇ ಮಾಡಿ. ಫ್ಯಾನ್ ನಿಲ್ಲಿಸಿ, ಅಣ್ಣತಮ್ಮ ಮರಿಗಳನ್ನು ಬೇರೆ ಕೋಣೆಗೆ ಕಳಿಸಿ. ನಾಲ್ಕಾಗಿ ಮಡಚಿದ ರಜಾಯಿಯ ಮೇಲೆ ಮರಿ ಮಲಗಿ ನಿದ್ದೆ ಹೋಗಲಿ. ರಜಾಯಿ ಏಕೆಂದರೆ ಕೆಳಗಿನಿಂದ ಬರುವ ಅದುರು ಮರಿಗೆ ತಾಕಬಾರದು. ನೀವು ಅದರ ಬೆನ್ನ ಹಿಂದೆ, ಆರೇಳು ಅಡಿ ದೂರದಲ್ಲಿ, ನೆರಳು ಬೀಳದ ಕಡೆ ನಿಲ್ಲಿ. ಮೊದಲು ಬೀಗದ ಕೈ ಗೊಂಚಲನ್ನು ಅಲ್ಲಾಡಿಸಿ. ಹತ್ತು ನಿಮಿಷ ಬಿಟ್ಟು ಕೈಯಲ್ಲೇ ಹಿಡಿದ ಸ್ಟೀಲ್ ಲೋಟಕ್ಕೆ ಚಮಚದಿಂದ ತಟ್ಟಿ. ಮತ್ತೆ ಹತ್ತು ನಿಮಿಷ ಬಿಟ್ಟು ಮೊಬೈಲ್‌ನಿಂದ ಬೆಕ್ಕಿನ ಕೂಗು ಹಾಕಿ, ಮೊಬೈಲ್ ಕೈಯಲ್ಲೇ ಇರಲಿ. ಮರಿ ಎದ್ದು ಬರುತ್ತದೆಯೇ ಅಂತ ಕಾಯಬೇಡಿ, ಕಿವಿಯ ಹಾಳೆ ತಿರುಗುತ್ತದೆಯೇ ನೋಡಿ. ಕೇಳುವ ಮರಿ ನಿದ್ದೆಯಲ್ಲೂ ಕಿವಿ ಹೊರಳಿಸುತ್ತದೆ.

ಪರೀಕ್ಷೆ ಕೆಡುವುದು ಹೀಗೆ: ಚಪ್ಪಾಳೆ ತಟ್ಟಿದರೆ ಗಾಳಿ ಮೀಸೆಗೆ ತಾಕುತ್ತದೆ, ಮರಿ ತಿರುಗುತ್ತದೆ, ‘ಕೇಳಿಸ್ತು’ ಅಂದುಕೊಳ್ಳುತ್ತೀರಿ. ಪಾತ್ರೆ ನೆಲಕ್ಕೆ ಬೀಳಿಸಿದರೂ ಅದೇ ಮೋಸ. ಮೀನಿನ ಪೊಟ್ಟಣ ಹರಿದರೆ ಅದು ತಿರುಗುವುದು ವಾಸನೆಗೆ. ಇನ್ನೊಂದು ಕಡೆ, ನಿನ್ನೆಯಷ್ಟೇ ಬೀದಿಯಿಂದ ತಂದ ಮರಿ ಹೆದರಿ ಕಲ್ಲಾಗಿ ಕೂತಿರುತ್ತದೆ, ಕೇಳಿಸಿದರೂ ಅಲುಗುವುದಿಲ್ಲ. ಒಂದೇ ಶಬ್ದವನ್ನು ನಾಲ್ಕು ಸಲ ಮಾಡಿದರೆ ಕೇಳುವ ಮರಿಯೂ ‘ಇದೇನು ದೊಡ್ಡದಲ್ಲ’ ಅಂತ ಸುಮ್ಮನಾಗುತ್ತದೆ. ಹಾಗಾಗಿ ಲೆಕ್ಕಕ್ಕೆ ಬರುವುದು ಮೊದಲ ಸಲದ್ದು. ಮೂರು ಬೇರೆ ದಿನ ಮಾಡಿ ನೋಡಿ. ಮರಿ ಹಾಲ್‌ನಲ್ಲಿ ಮಲಗಿದ್ದಾಗ ಅಡುಗೆಮನೆಯಲ್ಲಿ ಕುಕ್ಕರ್ ವಿಷಲ್ ಹೊಡೆದರೂ ಕಿವಿ ಅಲುಗಲಿಲ್ಲವೆಂದರೆ ಅದು ಒಳ್ಳೆಯ ಸಾಕ್ಷಿ.

ಒಂದೇ ಕಿವಿ ಕೇಳದಿರುವುದು ಈ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ. ಅದನ್ನು ಖಚಿತವಾಗಿ ಹೇಳುವುದು ಬಿಎಇಆರ್ ಪರೀಕ್ಷೆ ಮಾತ್ರ. ತಲೆಯ ಚರ್ಮಕ್ಕೆ ಸಣ್ಣ ತಂತಿಗಳನ್ನು ಹಚ್ಚಿ, ಒಂದೊಂದೇ ಕಿವಿಗೆ ಟಿಕ್ ಟಿಕ್ ಶಬ್ದ ಕೊಟ್ಟು, ಮಿದುಳಿನ ಉತ್ತರವನ್ನು ಅಳೆಯುತ್ತಾರೆ. ಮರಿಯನ್ನು ತರಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಅದು ಬೇಕಿಲ್ಲ. ಒಂದು ಕಿವಿ ಕೇಳುವ ಬೆಕ್ಕಿಗೆ ಶಬ್ದ ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದು ಕಷ್ಟ, ಅಷ್ಟೇ.

ಹಂತ 2: ಗುಣವಾಗುವ ಕಿವುಡೋ ಅಂತ ವೈದ್ಯರಲ್ಲಿ ತೋರಿಸಿ

ಬಿಳಿ ಅಲ್ಲದ ಮರಿ, ಬೂದು ಪಟ್ಟೆಯದೋ ಕಪ್ಪೋ ಆಗಿದ್ದು, ಕೇಳಿಸುತ್ತಿಲ್ಲ ಅಂದರೆ ಮೊದಲು ಕಿವಿಯೊಳಗೆ ನೋಡಬೇಕು. ಫಿಲ್ಟರ್‌ನಲ್ಲಿ ಉಳಿದ ಕಾಫಿ ಚರಟದ ಹಾಗೆ ಕಪ್ಪು ಕೊಳೆ ತುಂಬಿದ್ದು, ಮರಿ ಕಿವಿ ಕೆರೆಯುತ್ತಾ ತಲೆ ಒದರುತ್ತಿದ್ದರೆ ಅದು ಕಿವಿಯ ನುಸಿ ಇರಬಹುದು. ಚಿಕಿತ್ಸೆ ಕೊಟ್ಟು ಶುಚಿಯಾದ ಮೇಲೆ ಎಷ್ಟೋ ಮರಿಗಳಿಗೆ ಕೇಳಿಸತೊಡಗುತ್ತದೆ. ಕೀವು, ವಾಸನೆ ಇದ್ದರೆ ಸೋಂಕು. ತಲೆ ಒಂದು ಕಡೆಗೆ ವಾಲಿದ್ದು, ಮರಿ ಸುತ್ತು ಹೊಡೆಯುತ್ತಾ ಬೀಳುತ್ತಿದ್ದರೆ ತಡಮಾಡಬೇಡಿ, ತೊಂದರೆ ಒಳಗಿವಿಗೆ ಇಳಿದಿರಬಹುದು. ವಂಶದಿಂದ ಬಂದ ಬಿಳಿ ಬೆಕ್ಕಿನ ಕಿವುಡಿನಲ್ಲಿ ಸಾಮಾನ್ಯವಾಗಿ ಮೈಯ ಸಮತೋಲನ ತಪ್ಪುವುದಿಲ್ಲ.

ಮರಿಯನ್ನು ನೋಡಿಕೊಂಡವರನ್ನು ಕೇಳಿ: ಯಾವ ಔಷಧಿ ಕೊಟ್ಟಿದ್ದೀರಿ? ಜೆಂಟಮೈಸಿನ್, ಅಮಿಕಾಸಿನ್, ನಿಯೋಮೈಸಿನ್ ಗುಂಪಿನ ಔಷಧಿಗಳು ಒಳಗಿವಿಗೆ ಹಾನಿ ಮಾಡಬಲ್ಲವು. ಮೆಡಿಕಲ್ ಶಾಪ್‌ನಿಂದ ತಂದ ಕಿವಿಯ ಹನಿಯನ್ನು ತಮಟೆ ತೂತಾಗಿದೆಯೇ ಎಂದು ನೋಡದೆ ಹಾಕಬೇಡಿ. ಮನೆಯಲ್ಲಿ ಎಣ್ಣೆ ಕಾಯಿಸಿ ಬಿಡುವುದಂತೂ ಬೇಡವೇ ಬೇಡ. ತೋರಿಸಲು ಹತ್ತಿರದ ಬೆಕ್ಕು-ನಾಯಿ ವೈದ್ಯರು ಸಾಕು. ದೊಡ್ಡ ತಪಾಸಣೆ ಬೇಕಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಹಂತ 3: ಕೈಯಲ್ಲಿ ಟೇಪ್ ಹಿಡಿದು ಮನೆ ಸುತ್ತಿ

ತೀರ್ಮಾನವಾಗುವುದು ಇಲ್ಲಿ. ನೆಲಕ್ಕೆ ಬಗ್ಗಿ, ಮರಿಯ ಎತ್ತರದಿಂದ ನೋಡುತ್ತಾ ಹೋಗಿ. ಎರಡು ತಿಂಗಳ ಮರಿಯ ತಲೆ ತೂರುವ ಕಡೆಯೆಲ್ಲ ಮೈಯೂ ತೂರುತ್ತದೆ. ಎರಡೂವರೆ ಸೆಂಟಿಮೀಟರಿಗಿಂತ ದೊಡ್ಡ ಸಂದು ಎಲ್ಲೂ ಉಳಿಯಬಾರದು.

ಮುಂಬಾಗಿಲು. ನಮ್ಮ ಮನೆಗಳಲ್ಲಿ ಮರದ ಬಾಗಿಲು ತೆರೆದಿಟ್ಟು ಗ್ರಿಲ್ ಬಾಗಿಲು ಮಾತ್ರ ಹಾಕಿರುವುದು ವಾಡಿಕೆ. ಹಳೆಯ ಗ್ರಿಲ್‌ನ ಸರಳುಗಳ ನಡುವೆ ಮರಿ ನೀರಿನ ಹಾಗೆ ಹರಿದುಹೋಗುತ್ತದೆ. ಗ್ರಿಲ್‌ನ ಕೆಳಗಿನ ಮೂರಡಿಗಾದರೂ ಸ್ಟೀಲ್ ಜಾಲರಿ ಬಡಿಸಿ, ಹೊಸಿಲಿನ ಸಂದನ್ನೂ ಮುಚ್ಚಿಸಿ. ಬಾಗಿಲು ದಿನಕ್ಕೆ ಎಷ್ಟು ಸಲ ತೆರೆಯುತ್ತದೆ ಎಂದು ಒಂದು ದಿನ ಎಣಿಸಿ: ಹಾಲು, ನೀರಿನ ಕ್ಯಾನ್, ಕೊರಿಯರ್, ಊಟ ತರುವ ಹುಡುಗ, ಕಸ, ಮನೆಗೆಲಸದವರು. ಪ್ರತಿ ಸಲವೂ ಯಾರೋ ಒಬ್ಬರು ಮರಿ ಎಲ್ಲಿದೆ ನೋಡಿ ತೆರೆಯಬೇಕು. ಇದು ನಿಮ್ಮ ಮನೆಯಲ್ಲಿ ಆಗದು ಅನ್ನಿಸಿದರೆ ಬಾಗಿಲ ಒಳಗೆ ಇನ್ನೊಂದು ಚಿಕ್ಕ ಗೇಟು ಬೇಕು, ಅಥವಾ ಈ ಮರಿ ಬೇಡ.

ಕಿಟಕಿ. ವೆಲ್ಕ್ರೋದಿಂದ ಅಂಟಿಸಿದ ಸೊಳ್ಳೆ ಪರದೆ ಬೆಕ್ಕಿನ ಒಂದು ತಳ್ಳಿಗೆ ಕಿತ್ತು ಬರುತ್ತದೆ. ಸ್ಕ್ರೂ ಹಾಕಿದ ಚೌಕಟ್ಟಿನೊಳಗೆ ಸ್ಟೀಲ್ ಮೆಶ್ ಇರಲಿ. ಬಚ್ಚಲುಮನೆಯ ಗಾಜಿನ ಪಟ್ಟಿಗಳ ವೆಂಟಿಲೇಟರ್, ಎಕ್ಸಾಸ್ಟ್ ಫ್ಯಾನ್‌ನ ತೂತು, ಇವನ್ನು ಜನ ಮರೆಯುತ್ತಾರೆ, ಬೆಕ್ಕು ಮರೆಯುವುದಿಲ್ಲ.

ಬಾಲ್ಕನಿ ಮತ್ತು ಯುಟಿಲಿಟಿ. ಪಾರಿವಾಳದ ನೈಲಾನ್ ಬಲೆ ಸಾಲುತ್ತದೆ, ಆದರೆ ಕೆಳಗಂಚು ಮತ್ತು ಮೂಲೆಗಳು ಗೋಡೆಗೆ ಬಿಗಿಯಾಗಿರಬೇಕು. ಬಿಸಿಲಿಗೆ ಅದು ಪುಡಿಯಾಗುತ್ತದೆ, ಬೆಕ್ಕು ಕಚ್ಚಿಯೂ ಹರಿಯುತ್ತದೆ. ತಿಂಗಳಿಗೊಮ್ಮೆ ಕೈಯಿಂದ ಎಳೆದು ನೋಡಿ. ಯುಟಿಲಿಟಿಯ ಹಿಂದಿನ ಪೈಪ್ ಡಕ್ಟ್‌ಗೆ ಬಿದ್ದ ಮರಿಯನ್ನು ತೆಗೆಯುವುದು ಬಹಳ ಕಷ್ಟ. ಕೇಳುವ ಮರಿಯಾದರೆ ಮೇಲಿನಿಂದ ನಿಮ್ಮ ದನಿಗೆ ಓಗೊಟ್ಟು ಕೂಗುತ್ತದೆ, ಇದಕ್ಕೆ ನೀವು ಬಂದದ್ದೇ ತಿಳಿಯುವುದಿಲ್ಲ. ವಾಷಿಂಗ್ ಮೆಷಿನ್ ಹಾಕುವ ಮುಂಚೆ ಪ್ರತಿ ಸಲ ಡ್ರಮ್ಮಿನೊಳಗೆ ಕೈ ಆಡಿಸಿ.

ನೆಲಮಹಡಿಯ ಮನೆಯಾದರೆ ಸಂಪ್ ಮುಚ್ಚಳ ನೋಡಿ. ಟ್ಯಾಂಕರ್ ಬಂದಾಗ ತೆಗೆದು ಅರ್ಧ ಮುಚ್ಚಿ ಬಿಡುವ ಅಭ್ಯಾಸ ಎಷ್ಟೋ ಕಡೆ ಇದೆ. ಒಳಗಿನ ನಯವಾದ ಗೋಡೆ ಹತ್ತಿ ಮರಿ ಮೇಲೆ ಬರಲಾರದು. ಮನೆಯಲ್ಲಿ ತೂಗುಕುರ್ಚಿ, ರಿಕ್ಲೈನರ್ ಇದ್ದರೆ ಕೂರುವ ಮುಂಚೆ ಕೆಳಗೆ ನೋಡುವ ರೂಢಿ ಮಾಡಿಕೊಳ್ಳಬೇಕು. ಕರಕರ ಸದ್ದು ಕೇಳಿ ಓಡುವ ಬೆಕ್ಕಲ್ಲ ಇದು.

ದೀಪಾವಳಿಯ ಪಟಾಕಿಗೆ ಊರಿನ ಪ್ರಾಣಿಗಳೆಲ್ಲ ನಡುಗುವಾಗ ಈ ಮರಿ ನೆಮ್ಮದಿಯಾಗಿ ಮಲಗಿರುತ್ತದೆ. ಆದರೆ ಆ ಸಂಜೆ ಹೊಸಿಲಲ್ಲಿ ದೀಪ ಇಡಲು ಬಾಗಿಲು ಗಂಟೆಗಟ್ಟಲೆ ತೆರೆದಿರುತ್ತದೆ. ಮೊದಲೇ ಮರಿಯನ್ನು ಒಳಕೋಣೆಗೆ ಸೇರಿಸಿಬಿಡಿ.

ಹಂತ 4: ಮನೆಯವರ ಒಪ್ಪಿಗೆ, ಓನರ್ ಒಪ್ಪಿಗೆ, ಮಾಂಸದ ಒಪ್ಪಿಗೆ

ಬಾಡಿಗೆ ಮನೆಯಾದರೆ ಓನರ್ ‘ಸರಿ ಸರಿ’ ಅಂದದ್ದು ಸಾಲದು. ಕರಾರು ಪತ್ರದಲ್ಲಿ ಅಥವಾ ಮೆಸೇಜ್‌ನಲ್ಲಾದರೂ ಬರಹದಲ್ಲಿರಲಿ. ಜಾಲರಿಗೆ ಗೋಡೆ ಕೊರೆಯಲು ಒಪ್ಪಿಗೆಯೂ ಅದರಲ್ಲೇ ಸೇರಲಿ. ಪಿಜಿಯಲ್ಲಿ ಇರುವವರು, ತಿಂಗಳಲ್ಲಿ ಅರ್ಧದಷ್ಟು ದಿನ ಪ್ರಯಾಣದಲ್ಲಿರುವವರು ಈ ಮರಿಯನ್ನು ತರಬೇಡಿ. ಮನೆ ಬದಲಾದಾಗ ಬೀದಿಗೆ ಬಿಟ್ಟರಾಯಿತು ಎಂಬ ದಾರಿ ಇದಕ್ಕಿಲ್ಲ. ಸಾಕಿದ ಪ್ರಾಣಿಯನ್ನು ಉಪವಾಸಕ್ಕೆ ದೂಡಿ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು. ಇಲಿ ಹಿಡಿಯಲೆಂದು ಅಂಗಡಿಗೋ ಗೋಡೌನಿಗೋ ಬೇಕಾದವರಿಗೂ ಇಂಥ ಮರಿಯನ್ನು ಕೊಡಬಾರದು.

ಸಸ್ಯಾಹಾರಿ ಮನೆಗಳಿಗೆ ಒಂದು ಮಾತು, ನೇರವಾಗಿಯೇ ಹೇಳಬೇಕು. ಬೆಕ್ಕಿಗೆ ಮೊಸರನ್ನ ಆಹಾರವಲ್ಲ. ಅದರ ದೇಹಕ್ಕೆ ಟಾರೀನ್ ಎಂಬ ಪೋಷಕಾಂಶ ಬೇಕು, ಅದು ಸಿಗುವುದು ಮಾಂಸ ಮೀನಿನಿಂದ ಅಥವಾ ಸರಿಯಾಗಿ ತಯಾರಿಸಿದ ಬೆಕ್ಕಿನ ಆಹಾರದಿಂದ. ಟಾರೀನ್ ಕಡಿಮೆಯಾದರೆ ಹೃದಯ ಸೊರಗುತ್ತದೆ, ಕಣ್ಣಿನ ಒಳಪರದೆ ಹಾಳಾಗುತ್ತದೆ. ಕಿವಿ ಕೇಳದ ಬೆಕ್ಕು ಕಣ್ಣಿನ ಮೇಲೆಯೇ ಬದುಕುತ್ತದೆ, ಆ ಕಣ್ಣನ್ನೂ ಕಳೆಯಬಾರದು. ಮನೆಯಲ್ಲಿ ಮಾಂಸ ಬೇಯಿಸಲು ಆಗದಿದ್ದರೆ ಪ್ಯಾಕೆಟ್ಟಿನ ಕಿಟನ್ ಫುಡ್ ಕೊಡಬಹುದು. ಅದೂ ಒಳಗೆ ಬರಕೂಡದು ಅನ್ನುವ ಮನೆಯಾದರೆ ಬೆಕ್ಕು ಸಾಕುವುದೇ ಬೇಡ.

ಮನೆಯಲ್ಲಿ ನಾಯಿ ಇದೆಯೇ? ಬೆಕ್ಕು ಕಂಡರೆ ಅಟ್ಟಿಸಿಕೊಂಡು ಹೋಗುವ ನಾಯಿಯಾದರೆ ಇಲ್ಲ ಅನ್ನಿ. ದೊಡ್ಡ ಬೆಕ್ಕು ಇದ್ದರೆ, ಅದು ಸಾಧುವಾಗಿದ್ದರೆ, ಲಾಭವೇ. ಕಿವಿ ಕೇಳುವ ಬೆಕ್ಕು ತಲೆ ಎತ್ತಿದ್ದನ್ನು ನೋಡಿ ಮರಿಯೂ ತಲೆ ಎತ್ತುತ್ತದೆ, ಅದು ಓಡಿದರೆ ತಾನೂ ಓಡುತ್ತದೆ. ಆದರೆ ‘ಹಿಸ್’ ಎಂಬ ಎಚ್ಚರಿಕೆ ಕೇಳಿಸದೆ ಮೈಮೇಲೆ ಬೀಳುತ್ತದೆ, ಏಟು ತಿನ್ನುತ್ತದೆ. ಆಗ ನಡುವೆ ದಿಂಬು ಹಿಡಿದು ಬಿಡಿಸಿ, ಕೈ ಹಾಕಬೇಡಿ. ಮೊದಲ ಎರಡು ವಾರ ಹೇಗೂ ಬೇರೆ ಕೋಣೆ, ಬೇರೆ ಬಟ್ಟಲು, ಬೇರೆ ಟ್ರೇ ಇರಬೇಕು. ಹೊಸ ಮರಿಯಿಂದ ಸೋಂಕು ಹರಡದಿರಲು ಅದು ಎಲ್ಲ ಮರಿಗಳಿಗೂ ಅನ್ವಯಿಸುವ ನಿಯಮ.

ಸಾಧ್ಯವಾದರೆ ಒಡಹುಟ್ಟಿದ ಮರಿಯನ್ನೂ ಜೊತೆಗೆ ತನ್ನಿ. ಆಟದಲ್ಲಿ ಜೋರಾಗಿ ಕಚ್ಚಿದಾಗ ಇನ್ನೊಂದು ಚೀರಿದ್ದು ಕೇಳದಿದ್ದರೂ, ಅದು ಆಟ ಬಿಟ್ಟು ಹೋದದ್ದು ಕಾಣುತ್ತದೆ. ಕಚ್ಚುವುದಕ್ಕೆ ಮಿತಿ ಹೀಗೇ ಕಲಿಯುತ್ತದೆ. ಇದೇ ಕಾರಣಕ್ಕೆ ಎಂಟು ವಾರಕ್ಕೆ ಮುಂಚೆ ತಾಯಿಯಿಂದ ಬಿಡಿಸಬಾರದು. ಹನ್ನೆರಡು ವಾರ ಆದರೆ ಇನ್ನೂ ಒಳ್ಳೆಯದು.

ಹಂತ 5: ಎರಡು ವಾರದ ಪರೀಕ್ಷಾರ್ಥ ವಾಸ

ಮರಿ ಕೊಡುವವರ ಬಳಿ ‘14 ದಿನ ನೋಡಿ ಹೇಳುತ್ತೇವೆ’ ಎಂದು ಮೊದಲೇ ಮಾತಾಡಿಕೊಳ್ಳಿ. ಒಳ್ಳೆಯವರು ಒಪ್ಪುತ್ತಾರೆ.

ಮೊದಲ ಮೂರು ದಿನ ಒಂದೇ ಚಿಕ್ಕ ಕೋಣೆ. ಒಂದು ಮೂಲೆಯಲ್ಲಿ ತಗ್ಗು ಅಂಚಿನ ಲಿಟರ್ ಟ್ರೇ, ಅದರಲ್ಲಿ ಐದು ಸೆಂಟಿಮೀಟರ್ ಮರಳು. ಎದುರು ಮೂಲೆಯಲ್ಲಿ ಊಟ ನೀರು. ಬಾಗಿಲು ಕಾಣುವ ಹಾಗೆ ಇಟ್ಟ ಒಂದು ರಟ್ಟಿನ ಪೆಟ್ಟಿಗೆ. ಎರಡು ತಿಂಗಳ ಮರಿಗೆ ದಿನಕ್ಕೆ ನಾಲ್ಕು ಊಟ. ಹಸುವಿನ ಹಾಲು ಬೇಡ, ಭೇದಿಯಾಗುತ್ತದೆ.

ಎಬ್ಬಿಸುವುದನ್ನು ಮನೆಯವರೆಲ್ಲ ಮೊದಲು ಕಲಿಯಬೇಕು. ನಿದ್ದೆಯಲ್ಲಿ ಮುಟ್ಟಿದರೆ ಬೆಚ್ಚಿ ಪರಚುತ್ತದೆ, ದಿನವೂ ಹೀಗಾದರೆ ಕೈ ಕಂಡರೇ ಹೆದರುವ ಬೆಕ್ಕಾಗುತ್ತದೆ. ಪುಸ್ತಕಗಳಲ್ಲಿ ‘ಕಾಲಿನಿಂದ ನೆಲ ತಟ್ಟಿ’ ಎಂದಿರುತ್ತದೆ. ಅದು ಮರದ ನೆಲದ ಊರಿಗೆ ಸರಿ. ನಮ್ಮ ಕಾಂಕ್ರೀಟ್ ಮೇಲಿನ ಟೈಲ್ಸ್, ಗ್ರಾನೈಟ್ ನೆಲದಲ್ಲಿ ಅದುರು ಅಷ್ಟಾಗಿ ಹರಿಯುವುದಿಲ್ಲ. ಇಲ್ಲಿ ನಡೆಯುವುದು ಮೂರು: ಕೋಣೆಗೆ ಹೋಗುವಾಗ ಲೈಟ್ ಒಮ್ಮೆ ಹಾಕಿ ಆರಿಸುವುದು, ಮಲಗಿರುವ ಹಾಸಿಗೆಯ ಅಂಚನ್ನು ಒತ್ತುವುದು, ಅಥವಾ ಒಂದಡಿ ದೂರದಿಂದ ಮೆಲ್ಲಗೆ ಊದುವುದು. ಎದ್ದು ನಿಮ್ಮನ್ನು ನೋಡಿದ ಮೇಲೆ ಮುಟ್ಟಿ. ಚಿಕ್ಕ ಮಕ್ಕಳಿಗೆ ಹಾಸಿಗೆ ಒತ್ತುವುದೊಂದನ್ನೇ ಹೇಳಿಕೊಡಿ.

ನಾಲ್ಕನೇ ದಿನದಿಂದ ಕೈಸನ್ನೆ. ಮೊದಲ ಸನ್ನೆ ‘ಬಾ’: ಕೈ ಚಾಚಿ ಅಂಗೈಯನ್ನು ಎದೆಗೆ ತರುವುದು. ಮರಿ ನಿಮ್ಮನ್ನು ನೋಡಿದ ಕ್ಷಣ ಸನ್ನೆ ಮಾಡಿ, ಮರುಕ್ಷಣ ಬೇಯಿಸಿದ ಕೋಳಿಯ ಕಡಲೆಕಾಳಿನಷ್ಟು ಚೂರು ಕೊಡಿ. ಒಮ್ಮೆ ಕೂತಾಗ ಹತ್ತು ಸಲ, ದಿನಕ್ಕೆ ಎರಡು ಹೊತ್ತು ಸಾಕು. ಆಮೇಲೆ ಒಂದಡಿ, ಮೂರಡಿ, ಕೋಣೆಯ ಆಚೆ ತುದಿ ಅಂತ ದೂರ ಹೆಚ್ಚಿಸಿ. ತಪ್ಪಾಗುವುದು ಎಲ್ಲಿ? ಚೂರು ಕೊಟ್ಟು ಆಮೇಲೆ ಸನ್ನೆ ಮಾಡಿದರೆ ಸನ್ನೆಗೆ ಅರ್ಥವೇ ಹುಟ್ಟುವುದಿಲ್ಲ. ಅಪ್ಪ ಒಂದು ಥರ, ಮಗಳು ಇನ್ನೊಂದು ಥರ ಮಾಡಿದರೆ ಗೊಂದಲ. ಚಿತ್ರ ಬರೆದು ಫ್ರಿಜ್‌ಗೆ ಅಂಟಿಸಿ. ‘ಬಾ’ ಅಂತ ಕರೆದು ಹಿಡಿದು ಔಷಧಿ ಕುಡಿಸಿದರೆ ಮುಂದಿನ ವಾರ ಸನ್ನೆ ಕಂಡರೆ ಮಂಚದ ಕೆಳಗೆ ಓಡುತ್ತದೆ. ರಾತ್ರಿ ಕರೆಯಲು ಅದರ ಮುಂದಿನ ನೆಲದ ಮೇಲೆ ಟಾರ್ಚ್ ಬೆಳಕು ಎರಡು ಸಲ ಆಡಿಸಿ, ಕಣ್ಣಿಗೆ ಬೇಡ. ಲೇಸರ್ ಬೇಡವೇ ಬೇಡ.

ಆಟಕ್ಕೆ ಕೋಲಿಗೆ ಕಟ್ಟಿದ ದಾರ, ಕೈಯಲ್ಲ. ಕಚ್ಚಿದರೆ ಕೂಗಿ ಪ್ರಯೋಜನವಿಲ್ಲ, ಅಲುಗದೆ ನಿಂತು, ಎದ್ದು ಹೋಗಿಬಿಡಿ.

ಈ ಎರಡು ವಾರದಲ್ಲಿ ನಿಮಗೆ ಗೊತ್ತಾಗಬೇಕಾದ ಇನ್ನೊಂದು ಸಂಗತಿ ಅದರ ಕೂಗು. ತನ್ನ ದನಿ ತನಗೇ ಕೇಳದ್ದರಿಂದ ಬಹಳಷ್ಟು ಕಿವುಡು ಬೆಕ್ಕುಗಳು ವಿಪರೀತ ಜೋರಾಗಿ ಕೂಗುತ್ತವೆ, ಅದೂ ದೀಪ ಆರಿ ಎಲ್ಲರೂ ಕಣ್ಮರೆಯಾದಾಗ. ಮಲಗುವ ಮುಂಚೆ ಹದಿನೈದು ನಿಮಿಷ ಓಡಿಸಿ ಆಡಿಸಿ, ಕೊನೆಯ ಊಟ ಕೊಟ್ಟು, ಸಣ್ಣ ರಾತ್ರಿದೀಪ ಬಿಡಿ. ಕೂಗು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲದಿರಬಹುದು. ಪಕ್ಕದ ಫ್ಲಾಟಿನ ಗೋಡೆ ತೆಳುವಾಗಿದ್ದರೆ ಅವರಿಗೆ ಮೊದಲೇ ಒಂದು ಮಾತು ಹೇಳಿಡಿ.

ಹಂತ 6: ಇಟ್ಟುಕೊಳ್ಳುವುದಾದರೆ

ಲಸಿಕೆ ಎಂಟು ವಾರಕ್ಕೆ ಶುರು, ಮೂರು-ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ. ರೇಬೀಸ್ ಮೂರು ತಿಂಗಳಿಗೆ. ಮನೆಯೊಳಗಿನ ಬೆಕ್ಕಿಗೂ ಬೇಕು. ಕಣ್ಣಿನಲ್ಲಿ ನೀರು, ಪಿಸುರು ಕಂಡರೆ ಅದೇ ದಿನ ವೈದ್ಯರಲ್ಲಿಗೆ. ಮೀಸೆ ಕತ್ತರಿಸಬೇಡಿ. ನಾಲ್ಕರಿಂದ ಆರು ತಿಂಗಳೊಳಗೆ ಸಂತಾನಹರಣ ಮಾಡಿಸಿ. ಬಿಳಿ ಬೆಕ್ಕಿನ ಕಿವುಡು ಮರಿಗಳಿಗೂ ಇಳಿಯುತ್ತದೆ, ಜೊತೆಗೆ ಸಂಗಾತಿಗಾಗಿ ಬಾಗಿಲಿಂದ ನುಗ್ಗುವ ಚಪಲವೂ ತಗ್ಗುತ್ತದೆ. ನಾಯಿಗೆ ಹಾಕುವ ಪರ್ಮೆತ್ರಿನ್ ಇರುವ ಚಿಗಟದ ಔಷಧಿ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಬಿಳಿ ಬೆಕ್ಕಿನ ಕಿವಿಯ ತುದಿ, ಮೂಗಿಗೆ ಬಿಸಿಲಿನಿಂದ ಚರ್ಮದ ಕ್ಯಾನ್ಸರ್ ಬರಬಹುದು. ನಡುಹಗಲಲ್ಲಿ ಬಾಲ್ಕನಿಗೆ ಬಿಡಬೇಡಿ, ಕಿವಿಯಂಚಿನಲ್ಲಿ ಮಾಯದ ಹಕ್ಕಳೆ ಕಂಡರೆ ತೋರಿಸಿ.

ಜಗ್ಗಿದರೆ ಬಿಚ್ಚಿಕೊಳ್ಳುವ ಪಟ್ಟಿಗೆ ಗೆಜ್ಜೆ ಕಟ್ಟಿ. ಅದು ಬೆಕ್ಕಿಗೆ ಕೇಳಲೆಂದಲ್ಲ, ನಿಮಗೆ ಕೇಳಲೆಂದು. ಗುರುತಿಗಾಗಿ ಚರ್ಮದಡಿ ಇಡುವ ಮೈಕ್ರೋಚಿಪ್ ಹಾಕಿಸಿ. ಹೊರಗೆ ಹೋಗುವ ಮುಂಚೆ ಮರಿಯನ್ನು ಕಣ್ಣಾರೆ ನೋಡಿಯೇ ಬೀಗ ಹಾಕಿ. ಕಪಾಟಿನಲ್ಲಿ, ಅಟ್ಟದಲ್ಲಿ ಸಿಕ್ಕಿಕೊಂಡ ಮರಿ ಹೆಸರು ಕರೆದರೆ ಬರುವುದಿಲ್ಲ. ಮನೆಗೆಲಸದವರಿಗೆ ಬಾಯಲ್ಲಿ ಹೇಳಿ, ಬಾಗಿಲ ಮೇಲೂ ಬರೆದು ಅಂಟಿಸಿ: ‘ಬೆಕ್ಕಿಗೆ ಕಿವಿ ಕೇಳುವುದಿಲ್ಲ. ನೋಡಿ ತೆರೆಯಿರಿ, ತಕ್ಷಣ ಮುಚ್ಚಿ.’

ಹದಿನಾಲ್ಕನೇ ದಿನ ಮರಿ ಹೊಟ್ಟೆ ತುಂಬ ತಿನ್ನುತ್ತಿದ್ದು, ಟ್ರೇ ಬಳಸುತ್ತಿದ್ದು, ಎದ್ದಾಗ ಬೆಚ್ಚದೆ ನಿಮ್ಮ ಮುಖ ಹುಡುಕುತ್ತಿದ್ದರೆ ಮರಿಯ ಕಡೆಯಿಂದ ಉತ್ತರ ಬಂದಿದೆ. ನಿಮ್ಮ ಕಡೆಯ ಉತ್ತರಕ್ಕೆ ಆ ಎರಡು ವಾರದ ಬಾಗಿಲ ಲೆಕ್ಕ ನೋಡಿ: ಎಷ್ಟು ಸಲ ಮರಿ ಹೊಸಿಲು ದಾಟಿತು, ಎಷ್ಟು ಸಲ ಯಾರೋ ಓಡಿ ಹಿಡಿಯಬೇಕಾಯಿತು? ಒಂದು ಸಲ ಆಗಿದ್ದರೂ ಕಾರಣ ಹುಡುಕಿ ಸರಿಪಡಿಸಿ. ಇನ್ನೂ ಮರಿಯನ್ನು ತಂದಿಲ್ಲ, ಜಾಲರಿ ಹಾಕುವವನು ‘ನಾಳೆ ಬರ್ತೀನಿ ಸಾರ್’ ಅನ್ನುತ್ತಲೇ ಇದ್ದಾನೆ ಅಂದರೆ, ಅವನು ಬಂದು ಕೊನೆಯ ಸ್ಕ್ರೂ ಬಿಗಿಸುವ ತನಕ ಮರಿ ಹಳೆಯ ಮನೆಯಲ್ಲೇ ಇರಲಿ.